ನಾನು ಉಂಡ ರೊಟ್ಟಿ, ಅವಳ ಲೆಕ್ಕದಲ್ಲಿ

ಈ ಸಂಗತಿಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ನಾನು ಉಂಡ ರೊಟ್ಟಿಗಳ ಸಂಖ್ಯೆ ಕಡಿಮೆಯಾಗುತ್ತ ಬಂದಿದೆ. ಬಳ್ಳಾರಿಯ ಗೆಳೆಯರ ಮುಂದೆ ಮೊದಲ ಸಲ ಹೇಳಿದಾಗ ನಾಲ್ಕು ಎಂದಿದ್ದೆ. ಆಗ ಹೆಚ್ಚು ಉಂಡಷ್ಟೂ ಕ್ರಾಂತಿ ದೊಡ್ಡದಾಗುತ್ತಿತ್ತು. ಮದುವೆಯಾದ ಮೇಲೆ ಹೆಂಡತಿಗೆ ಹೇಳುವಾಗ ಎರಡಾದವು. ಈಚೆಗೆ ಯಾರಿಗೋ ಹೇಳುತ್ತ "ಒಂದು ಚೂರು ಬಾಯಿಗೆ ಹಾಕಿಕೊಂಡೆ" ಎಂದೆ. ಕೇಳಿದವರು ತಲೆದೂಗಿದರು. ನನ್ನ ನೆನಪಿನ ಯೋಗ್ಯತೆ ಇಷ್ಟು. ಆದರೆ ಆಮೇಲೆ ಆದದ್ದೆಲ್ಲ ಆಗಬೇಕಾದರೆ ರೊಟ್ಟಿ ಮೂರೇ ಇರಬೇಕು. ಆದ್ದರಿಂದ ಮೂರು ಎಂದೇ ಬರೆಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಆದೋನಿಯಲ್ಲಿ ಅರ್ಥಶಾಸ್ತ್ರದ ಬಿ.ಎ. ಮುಗಿಸಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆ. ಅಪ್ಪ ಪೌರೋಹಿತ್ಯ ಮಾಡುತ್ತಿದ್ದರು. ದೊಡ್ಡ ಊರಿನ ಸಂಸ್ಥೆಯೊಂದು ಹೊಳಗುಂದದ ಕಡೆಯ ಹಳ್ಳಿಗಳಲ್ಲಿ ಬಡತನ ಅಳೆಯಲು ಬಂದಿದೆ, ಕನ್ನಡ ತೆಲುಗು ಎರಡೂ ಬರುವ ಹುಡುಗರು ಬೇಕಂತೆ ಎಂದು ಗೊತ್ತಾಗಿ ಅರ್ಜಿ ಹಾಕಿದೆ. ಮನೆಮನೆಗೆ ಹೋಗಿ ಫಾರಂ ತುಂಬುವ ಕೆಲಸ ಸಿಕ್ಕಿತು. ಇನ್ವೆಸ್ಟಿಗೇಟರ್ ಎಂದು ಕರೆಯುತ್ತಿದ್ದರು. ಹೆಸರು ಕೇಳಿದವರು ಪೊಲೀಸ್ ಇಲಾಖೆಯೋ ಎಂದು ಕೇಳುತ್ತಿದ್ದರು. ನಾನು ಅಲ್ಲವೆಂದು ಬೇಗ ಹೇಳುತ್ತಿರಲಿಲ್ಲ.

ಸಂಸ್ಥೆಯ ಪ್ರೊಫೆಸರರದು ಒಂದು ಹೊಸ ಯೋಚನೆ. ಅಲ್ಲಿಯವರೆಗೆ ಸರ್ಕಾರ ಬಡವರಿಗೆ ಕುರಿ ಕೊಡುವಾಗ ಯಾರು ಬಡವರು ಎಂಬ ಪಟ್ಟಿಯನ್ನು ಊರ ಹಿರಿಯರು ಮಾಡುತ್ತಿದ್ದರು. ಪಟ್ಟಿಯಲ್ಲಿ ಹಿರಿಯರ ತಮ್ಮಂದಿರು, ಭಾವಮೈದುನರು ತುಂಬಿರುತ್ತಿದ್ದರು. ಇವರು ಹೇಳಿದರು: ಮನುಷ್ಯ ಸುಳ್ಳು ಹೇಳುತ್ತಾನೆ, ಹೊಟ್ಟೆ ಹೇಳುವುದಿಲ್ಲ. ಪ್ರತಿ ಮನೆಯಲ್ಲೂ ಒಂದು ದಿನ ಅಡಿಗೆಗೆ ಮೊದಲು ಹಿಟ್ಟು, ಬೇಳೆ, ಎಣ್ಣೆ ಎಲ್ಲವನ್ನೂ ತೂಗಬೇಕು. ಉಂಡ ಮೇಲೆ ಉಳಿದದ್ದನ್ನು ತೂಗಿ ಕಳೆಯಬೇಕು. ಬಂದದ್ದನ್ನು ಕ್ಯಾಲೊರಿಗೆ ತಿರುಗಿಸಿ ತಲೆಗಳಿಗೆ ಹಂಚಬೇಕು. ಒಂದು ಗೆರೆ ಎಳೆದು, ಗೆರೆಯ ಕೆಳಗಿನ ಮನೆಗೆ ಹತ್ತು ಕುರಿ, ಒಂದು ಟಗರು. ಒಂದು ವರ್ಷ ಬಿಟ್ಟು ಮತ್ತೆ ತೂಗಬೇಕು. ಮನೆ ಗೆರೆ ದಾಟಿದ್ದರೆ ಯೋಜನೆ ಗೆದ್ದ ಹಾಗೆ.

"ಒಂದೇ ದಿನದ ತೂಕ ಸಾಕೇ ಸಾರ್? ಆ ದಿನ ಹಬ್ಬವಿದ್ದರೆ?" ಎಂದು ನಮ್ಮಲ್ಲೊಬ್ಬ ಕೇಳಿದ.

ಪ್ರೊಫೆಸರರು ನಕ್ಕರು. ಒಂದು ಮನೆಯಲ್ಲಿ ಹೆಚ್ಚು ಬಂದರೆ ಇನ್ನೊಂದರಲ್ಲಿ ಕಡಿಮೆ ಬರುತ್ತದೆ, ತಪ್ಪುಗಳು ಒಂದನ್ನೊಂದು ತಿಂದುಹಾಕುತ್ತವೆ ಎಂದರು. ಹಾಗೆ ಹೇಳಿ ಜೀಪು ಹತ್ತಿದರು. ಒಟ್ಟು ಎರಡು ಸಲ ಅವರನ್ನು ನೋಡಿದ್ದೇನೆ. ಎರಡು ಸಲವೂ ಅವರು ಜೀಪು ಹತ್ತುತ್ತಿದ್ದರು ಎಂಬಂತೆ ನೆನಪಾಗುತ್ತದೆ. ಇಳಿಯದೆ ಹತ್ತಲು ಸಾಧ್ಯವಿಲ್ಲ. ಇಳಿದದ್ದು ಮಾತ್ರ ನನ್ನ ನೆನಪಿನಲ್ಲಿಲ್ಲ.

ಅಭ್ಯಾಸಕ್ಕೆಂದು ಮೊದಲು ನಮ್ಮನಮ್ಮ ಮನೆಯಲ್ಲೇ ತೂಗಲು ಹೇಳಿದರು. ನಾನು ಸ್ಪ್ರಿಂಗ್ ತಕ್ಕಡಿ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಒಲೆಗೆ ಬೆಂಕಿ ಇಲ್ಲ.

"ಇವತ್ತ ಏಕಾದಶಿ ಅದನೋ," ಎಂದರು ಅಮ್ಮ. "ಏನ ತೂಗ್ತಿ? ತೀರ್ಥ ತೂಗು."

ವೈಷ್ಣವರ ಮನೆ, ನೀರೂ ಎಣಿಸಿ ಕುಡಿಯುವ ದಿನ. ಲೆಕ್ಕ ಹಾಕಿದೆ. ಸ್ವಂತ ಮನೆ, ಹಿತ್ತಿಲಲ್ಲಿ ಬಾವಿ, ವರ್ಷಕ್ಕಾಗುವಷ್ಟು ಅಕ್ಕಿ ಇದ್ದ ನಮ್ಮ ಕುಟುಂಬ ತಾಲೂಕಿನಲ್ಲೇ ಅತಿ ಬಡ ಕುಟುಂಬವೆಂದು ಬಂತು. ನಮ್ಮ ಸೂಪರ್‌ವೈಸರ್ ಆ ಫಾರಂ ನೋಡಿ ನಗಲಿಲ್ಲ. ಅಭ್ಯಾಸದ್ದು ತಾನೆ, ಹರಿದುಹಾಕು ಎಂದರು. ಹರಿಯುವುದರ ಬದಲು ನಾವು ಅಲ್ಲೇ ಕೆಲಸ ನಿಲ್ಲಿಸಬೇಕಿತ್ತು. ಆಗ ನನಗೆ ಹೀಗೆ ಅನ್ನಿಸಿತ್ತೆಂದು ಹೇಳಲಾರೆ. ಆಗ ನನಗೆ ಮೊದಲ ತಿಂಗಳ ಸಂಬಳದ ಯೋಚನೆ ಇತ್ತು.

ಆ ಸೂಪರ್‌ವೈಸರ್ ಗುಂಟೂರಿನ ಕಡೆಯವರು, ಮಾತೆಲ್ಲ ತೆಲುಗಿನಲ್ಲಿ. ಅವರೂ ಮಡಿವಂತರು. ಆದೋನಿಯ ಹೋಟೆಲುಗಳ ಊಟ ಅವರಿಗೆ ಒಗ್ಗದೆ ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ನಮ್ಮಲ್ಲೇ ಉಣ್ಣುತ್ತಿದ್ದರು. ಸಂಜೆ ಅವರೂ ಅಪ್ಪನೂ ಕಟ್ಟೆಯ ಮೇಲೆ ಕೂತು ಲೋಕದ ಸುದ್ದಿಯನ್ನೆಲ್ಲ ಹಂಚಿಕೊಳ್ಳುತ್ತಿದ್ದರು. ನಾನು ಹಗಲು ಹಳ್ಳಿಯಲ್ಲಿ ಏನು ಬರೆದೆನೋ ಅದು ಊಟದ ಹೊತ್ತಿಗೆ ಅಪ್ಪನಿಗೆ ತಿಳಿಯುತ್ತಿತ್ತು.

ಇನ್ನೊಂದು ಮಾತು ಹೇಳಬೇಕು, ನಾಚಿಕೆಯಾದರೂ. ಆಗ ನಾನು ಕವಿ. ಬಳ್ಳಾರಿಯ ನಾಲ್ಕೈದು ಮಂದಿ ಗೆಳೆಯರು ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದ ಒಂದು ಪತ್ರಿಕೆಯಲ್ಲಿ ವಿರಾಮಚಿಹ್ನೆಗಳಿಲ್ಲದ ಪದ್ಯ ಬರೆಯುತ್ತಿದ್ದೆ. ಆ ಪದ್ಯಗಳಲ್ಲಿ ನಾನು ಆಗಲೇ ಮೂರು ಸಲ ಜನಿವಾರ ಹರಿದಿದ್ದೆ, ಎರಡು ಸಲ ದೇವರ ಕೋಣೆಗೆ ಬೆಂಕಿ ಹಚ್ಚಿದ್ದೆ. ಪತ್ರಿಕೆ ನಮ್ಮ ಮನೆಗೆ ಬರದಂತೆ ಗೆಳೆಯನ ವಿಳಾಸಕ್ಕೆ ತರಿಸಿಕೊಳ್ಳುತ್ತಿದ್ದೆ.

ಹೊಳಗುಂದದಿಂದ ಎರಡು ಮೈಲಿ ಆಚೆ ಒಂದು ಹಳ್ಳಿ. ಅಲ್ಲಿ ನನ್ನ ಪಾಲಿಗೆ ಬಂದ ಮನೆಗಳಲ್ಲಿ ಒಂದು ಕುರುಬರ ಮನೆ. ಮನೆಯಾಕೆ ಗಂಡ ತೀರಿಕೊಂಡವಳು, ನಲವತ್ತರ ಒಳಗಿನವಳು. ಜೊತೆಗೆ ಅತ್ತೆ ಮತ್ತು ಒಬ್ಬಳು ಮಗಳು. ಸೇಂಗಾ ಕೀಳುವ, ಹತ್ತಿ ಬಿಡಿಸುವ ಕೂಲಿ. ಅವಳ ತವರಿನಲ್ಲಿ ಕುರಿಹಿಂಡು ಇತ್ತಂತೆ. ಇಲ್ಲಿ ಒಂದು ಮರಿಯೂ ಇರಲಿಲ್ಲ. ಮುಖ ನೆನಪಿಲ್ಲ. ಕಪ್ಪು ಸೀರೆ ಉಟ್ಟಿದ್ದಳೆಂದು ಬರೆಯಹೊರಟೆ. ಆ ಕಪ್ಪು ನನ್ನ ಪದ್ಯದ ಕಪ್ಪು ಇರಬೇಕು. ದನಿ ಮಾತ್ರ ನೆನಪಿದೆ.

"ಬರ್ರಿ ಆಚಾರ್ರ. ತಕ್ಕಡಿ ತಂದೀರಲ್ಲ, ನಮ್ಮನ್ನ ತೂಗತೀರೋ, ಹಿಟ್ಟ ತೂಗತೀರೋ?"

"ಹಿಟ್ಟು," ಎಂದೆ.

"ಹಿಟ್ಟಾದ್ರ ಚಲೋ ಆತು. ನಮ್ಮತ್ತಿನ್ನ ಹಾಕಿದ್ರ ಮುಳ್ಳು ಅಳ್ಳಾಡಂಗಿಲ್ಲ."

ಮೂಲೆಯಲ್ಲಿ ಕೂತ ಅತ್ತೆ ತಲೆ ಎತ್ತಲಿಲ್ಲ. "ಆಕಿ ನಾಲಿಗಿ ತೂಗ್ರಿ ಯಪ್ಪಾ. ನಿಮ್ಮ ತಕ್ಕಡಿ ಹರದ ಬೀಳತೈತಿ."

ಯಾಕೆ ತೂಗುತ್ತೇವೆಂದು ಮನೆಯವರಿಗೆ ಹೇಳಕೂಡದೆಂದು ನಮಗೆ ಕಟ್ಟುನಿಟ್ಟಿನ ಆಜ್ಞೆ. ಹೇಳಿದರೆ ಹಿಟ್ಟು ಮುಚ್ಚಿಡುತ್ತಾರೆಂದು ಭಯ. ಆದರೆ ಊರಿಗೆಲ್ಲ ಕುರಿಯ ವಿಷಯ ಗೊತ್ತಿತ್ತು. ಗೊತ್ತಿರದಿದ್ದದ್ದು ಒಂದೇ: ಕಡಿಮೆ ತೂಗಿದವರಿಗೆ ಸಿಗುತ್ತದೆ ಎಂಬುದು. ಅವಳು ಅದನ್ನು ತಿರುವುಮುರುವಾಗಿ ತಿಳಿದುಕೊಂಡಿದ್ದಳು.

"ಕುರಿ ಕೊಡೋರು ಮೊದಲ ಮನಿ ನೋಡತಾರಲ್ರಿ," ಎಂದಳು, ಮೊರದ ತುಂಬ ಜೋಳದ ಹಿಟ್ಟು ತಂದಿಡುತ್ತ. "ಉಣ್ಣಾಕ ಗತಿ ಇಲ್ಲದ ಮನಿಗೆ ಕೊಟ್ರ ನಾಳಿಗೆ ಕೊಯ್ಕೊಂಡ ತಿಂತಾರ ಅಂತಾರ. ಕೊಡತಾರೇನು? ನಮ್ಮ ಮನಿ ಹಂಗಲ್ಲ ಅಂತ ಬರೀರಿ. ಬಂದೋರಿಗೆ ನಾಕ ರೊಟ್ಟಿ ಹಾಕೋ ಮನಿ ಅಂತ ಬರೀರಿ."

ಆ ಹಿಟ್ಟಿನಲ್ಲಿ ಅರ್ಧದಷ್ಟು ಬೆಳಿಗ್ಗೆ ಪಕ್ಕದ ಮನೆಯಿಂದ ತಂದದ್ದು. ಅದನ್ನು ಅವಳೇ ಮುಚ್ಚುಮರೆಯಿಲ್ಲದೆ ಹೇಳಿದಳು. ಹಿಟ್ಟು ಎಲ್ಲಿಂದ ಬಂತೆಂದು ಕೇಳುವ ಜಾಗ ಫಾರಂನಲ್ಲಿ ಇರಲಿಲ್ಲ. ನಾನು ತೂಗಿ ಬರೆದುಕೊಂಡೆ.

ಅವಳು ರೊಟ್ಟಿ ಬಡಿಯಲು ಕೂತಳು. ನಾನು ಪಡಸಾಲೆಯಲ್ಲಿ ಕೂತೆ. ಉಳಿದದ್ದನ್ನು ತೂಗುವವರೆಗೆ ಹೋಗುವಂತಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದವನು, ಹೊಟ್ಟೆಯಲ್ಲಿ ಕಾಫಿ ಬಿಟ್ಟರೆ ಏನೂ ಇಲ್ಲ. ಹಂಚಿನ ಮೇಲೆ ರೊಟ್ಟಿ ಉಬ್ಬುವ ವಾಸನೆ ಬಂತು. ಅವಳು ತಟ್ಟೆ ತಂದು ಮುಂದಿಟ್ಟಳು: ಎರಡು ರೊಟ್ಟಿ, ಪುಂಡಿ ಪಲ್ಯ, ಬಳ್ಳೊಳ್ಳಿ ಹಾಕಿ ಕುಟ್ಟಿದ ಕೆಂಪು ಖಾರ.

"ನಮಗ ಉಣಬಾರದು ಅಂತ ರೂಲ್ ಅದ," ಎಂದೆ.

"ಯಾರ ರೂಲ್ರಿ? ಆಫೀಸಿಂದೋ, ನಿಮ್ಮಪ್ಪಂದೋ?"

ಅತ್ತೆ ಕಿಸಕ್ಕನೆ ನಕ್ಕಳು. ಆ ನಗೆಗೆ ನಾನು ಉಂಡೆ. ಹಸಿವಿಗೆ ಉಂಡೆ ಎಂದಿದ್ದರೆ ಮರ್ಯಾದೆಯಾಗಿರುತ್ತಿತ್ತು. ಅಷ್ಟು ಮರ್ಯಾದೆಯೂ ಇರಲಿಲ್ಲ. ಎರಡು ಮುಗಿದಾಗ ಕೇಳದೆಯೇ ಮೂರನೆಯದು ಬಂತು. ಅದನ್ನು ತಿನ್ನುವಾಗ ನನ್ನೊಳಗೆ ಒಂದು ಪದ್ಯ ಶುರುವಾಗಿತ್ತು.

ಫಾರಂನ ಎರಡನೆಯ ಪುಟದಲ್ಲಿ ಒಂದು ಕಾಲಂ ಇತ್ತು: ಆ ದಿನ ಮನೆಯಲ್ಲಿ ಉಂಡ ಹೊರಗಿನವರು, ಯಾರು, ಎಷ್ಟು. ಹೊರಗಿನವರು ಉಂಡದ್ದನ್ನು ಮನೆಯ ಲೆಕ್ಕದಿಂದ ಕಳೆಯಬೇಕು. ಪ್ರೊಫೆಸರರ ಇಡೀ ಯಂತ್ರದಲ್ಲಿ ತಲೆಯಿಟ್ಟು ಮಾಡಿದ ಭಾಗ ಇದೊಂದೇ. ಸಂಜೆ ಬಸ್ಸಿಗೆ ಕಾಯುತ್ತ ಬೇವಿನ ಮರದ ಕೆಳಗೆ ಅದನ್ನು ತುಂಬಲು ಕೂತೆ. 'ಇನ್ವೆಸ್ಟಿಗೇಟರ್, ಮೂರು ರೊಟ್ಟಿ' ಎಂದು ಬರೆದರೆ ಎಂಟು ಗಂಟೆಗೆ ಸೂಪರ್‌ವೈಸರ್ ಓದುತ್ತಾರೆ, ಎಂಟೂವರೆಗೆ ಅಪ್ಪನಿಗೆ ಗೊತ್ತಾಗುತ್ತದೆ. ನಾನು ಪದ್ಯದಲ್ಲಿ ಬೆಂಕಿ ಹಚ್ಚಿದ ದೇವರ ಕೋಣೆಯ ಮುಂದೆ ಬೆಳಿಗ್ಗೆ ನಾನೇ ನಿಂತು ಉತ್ತರ ಹೇಳಬೇಕು. ಆ ಕಾಲಂನಲ್ಲಿ ಯಾರೂ ಇಲ್ಲ ಎಂದು ಬರೆದೆ.

ಹೀಗೆ ನಾನು ಉಂಡ ಮೂರು ರೊಟ್ಟಿ ಆ ಮೂವರ ಹೊಟ್ಟೆಗೆ ಹೋದವು. ಲೆಕ್ಕದಲ್ಲಿ ಆ ಮನೆ ಗೆರೆಗಿಂತ ಸುಮಾರು ಒಂದು ರೊಟ್ಟಿಯಷ್ಟು ಮೇಲೆ ಬಂತು. ನನ್ನ ಮೂರನ್ನು ಕಳೆದಿದ್ದರೆ ಎರಡು ರೊಟ್ಟಿಯಷ್ಟು ಕೆಳಗೆ ಇರುತ್ತಿತ್ತು.

ಗೆರೆಯ ಹತ್ತಿರ ಬಂದ ಮನೆಗಳನ್ನು ಸೂಪರ್‌ವೈಸರ್ ಖುದ್ದಾಗಿ ಹೋಗಿ ವಿಚಾರಿಸಬೇಕೆಂದು ನಿಯಮ. ಮುಂದಿನ ವಾರ ನನ್ನನ್ನೂ ಕರೆದುಕೊಂಡು ಹೊರಟರು. ಅವಳ ಮನೆಯ ಮುಂದೆ ನಿಂತು ಫಾರಂ ತೆಗೆದು ತೆಲುಗಿನಲ್ಲೇ ಕೇಳಿದರು. ಆ ಕಡೆಯವರಿಗೆ ತೆಲುಗೇನು ಹೊಸದಲ್ಲ.

"ಏಮಮ್ಮಾ, ಆ ರೋಜು ಬಯಟವಾಳ್ಳು ಎವರೈನಾ ತಿನ್ನಾರಾ?" ಹೊರಗಿನವರು ಯಾರಾದರೂ ಉಂಡರೇ ಎಂದು.

ನಾನು ಅವರ ಹಿಂದೆ ನಿಂತಿದ್ದೆ. ಅವಳು ನನ್ನನ್ನು ಒಂದು ಕ್ಷಣ ನೋಡಿದಳು.

"ಎವರೂ ಲೇರು ಸಾರ್," ಎಂದಳು. "ಮೇಮೇ ತಿನ್ನಾಮು." ಯಾರೂ ಇಲ್ಲ, ನಾವೇ ತಿಂದೆವು.

ಸೂಪರ್‌ವೈಸರ್ ಸರಿ ಎಂದು ಗುರುತು ಹಾಕಿ ಮುಂದಿನ ಮನೆಗೆ ಹೊರಟರು. ನಾನು ಚೀಲ ಎತ್ತಿಕೊಳ್ಳಲು ಹಿಂದೆ ಉಳಿದೆ. ಅವಳು ಹತ್ತಿರ ಬಂದು ದನಿ ತಗ್ಗಿಸಿದಳು.

"ಹೆದರಬ್ಯಾಡ್ರಿ ಆಚಾರ್ರ, ನಾ ಬಾಯಿ ಬಿಟ್ಟಿಲ್ಲ. ಕುರುಬರ ಮನ್ಯಾಗ ಉಂಡಾನ ಅಂತ ಗೊತ್ತಾದ್ರ ನಿಮ್ಮ ಮನ್ಯಾಗ ಒಳಗ ಕರಕೊಂತಾರೇನು?"

ಅವಳ ಮುಖದಲ್ಲಿ ಒಂದು ಉಪಕಾರ ಮಾಡಿದ ಖುಷಿ ಇತ್ತು. ಮುಖ ನೆನಪಿಲ್ಲ ಎಂದೆನಲ್ಲ, ಆ ಖುಷಿ ನೆನಪಿದೆ. ಅಲ್ಲಿಯೇ ನಾನು ಹೇಳಬಹುದಿತ್ತು: ನೀನು ಈಗ ಹೇಳಿದ ಮಾತಿನಿಂದ ನಿನ್ನ ಕುರಿ ಹೋದವು, ಅವರನ್ನು ಕರೆ, ನಿಜ ಹೇಳು ಎಂದು. ಮುಂದಿನ ಮನೆಯ ಬಾಗಿಲು ಇಪ್ಪತ್ತು ಹೆಜ್ಜೆ ದೂರವಿತ್ತು.

"ಚಲೋ ಆತು," ಎಂದೆ. ನಾನು ಆಡಿದ್ದು ಇಷ್ಟೇ.

ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿದರು. ಅವಳ ಹೆಸರಿಲ್ಲ. ಮೊದಲ ಸಾಲಿನಲ್ಲೇ ಊರಿನ ಹಿಟ್ಟಿನ ಗಿರಣಿಯವನ ಹೆಸರು. ಅವನ ಮನೆಯಲ್ಲಿ ನಮ್ಮ ಇನ್ನೊಬ್ಬ ಹುಡುಗ ತೂಗಿದ ದಿನ ಮನೆಮಂದಿಯೆಲ್ಲ ಹೊಳಗುಂದಕ್ಕೆ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದರು. ಹಾಸಿಗೆ ಹಿಡಿದ ಮುದುಕನಿಗೆ ಒಂದು ಲೋಟ ಗಂಜಿ ಬಿಟ್ಟರೆ ಒಲೆಯ ಮೇಲೆ ಏನೂ ಇರಲಿಲ್ಲ. ಊರಿಗೆಲ್ಲ ಹಿಟ್ಟು ಬೀಸಿಕೊಡುವ ಮನೆ ಒಂದು ಲೋಟ ಗಂಜಿಯನ್ನು ಏಳು ಜನ ಹಂಚಿಕೊಂಡು ಕುಡಿಯುತ್ತದೆಂದು ಲೆಕ್ಕ ಹೇಳಿತು. ಊರವರು ಎರಡು ದಿನ ನಕ್ಕರು. ಮೊದಲಾದರೆ ಗಿರಣಿಯವನು ಹಿರಿಯರ ಕೈಕಾಲು ಹಿಡಿದು ಹೆಸರು ಹಾಕಿಸಿಕೊಳ್ಳಬೇಕಿತ್ತು. ಈಗ ಅವನು ಮನೆಯಲ್ಲಿ ಇಲ್ಲದಿದ್ದದ್ದೇ ಸಾಕಾಯಿತು.

ಮೂರನೆಯ ದಿನ ಅವಳು ಆದೋನಿಗೆ ಬಂದಳು. ಮಧ್ಯಾಹ್ನ; ಊಟ ಮುಗಿಸಿ ಅಪ್ಪ ಮತ್ತು ಸೂಪರ್‌ವೈಸರ್ ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಗಿಲಲ್ಲಿ ಎಲೆಅಡಿಕೆಯ ತಟ್ಟೆ ಹಿಡಿದು ನಿಂತಿದ್ದೆ. ಅವಳು ಮೆಟ್ಟಿಲಿನ ಕೆಳಗೆ ಬಿಸಿಲಲ್ಲೇ ನಿಂತಳು.

"ದೊಡ್ಡ ಸಾಹೇಬ್ರು ಇಲ್ಲೇ ಇರತಾರಂತ ಹೇಳಿದ್ರು," ಎಂದಳು. "ನನ್ನ ಹೆಸರ ಯಾಕ ಬಂದಿಲ್ರಿ?"

ಸೂಪರ್‌ವೈಸರ್ ಕೆಟ್ಟ ಮನುಷ್ಯನಲ್ಲ. ಎದ್ದು ಒಳಗೆ ಹೋಗಿ ಅವಳ ಫಾರಂ ಹುಡುಕಿ ತಂದರು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ನಿಮ್ಮ ಮನೆಯವರು ಚೆನ್ನಾಗಿ ಉಣ್ಣುತ್ತೀರಿ, ಹೊಟ್ಟೆಗಿಲ್ಲದವರಿಗೆ ಮಾತ್ರ ಕುರಿ ಎಂದು ವಿವರಿಸಿದರು. ಅವಳು ತಿಳಿದದ್ದೆಲ್ಲ ತಲೆಕೆಳಗಾಯಿತು.

"ಅವತ್ತಿನ ಹಿಟ್ಟು ಕೈಬದಲು ತಂದದ್ರಿ. ದಿನಾ ಅಷ್ಟು ಉಣ್ಣಂಗಿಲ್ಲ."

"ಕೈಬದಲು ಅಯಿನಾ ಕಡುಪುಲೋಕೇ ಕದಮ್ಮಾ," ಎಂದರು ಅವರು. ಸಾಲ ತಂದ ಹಿಟ್ಟಾದರೂ ಹೊಟ್ಟೆಗೇ ತಾನೆ. "ನೀವು ತಿನ್ನಲಿಲ್ಲ ಅಂದರೆ ಯಾರು ತಿಂದರು, ಹೇಳು."

ಅವಳು ನನ್ನ ಕಡೆ ನೋಡಲಿಲ್ಲ. ಈ ಬರಹದಲ್ಲಿ ನಾನು ಆಣೆ ಮಾಡಿ ಹೇಳಬಲ್ಲ ವಿಷಯ ಇದೊಂದೇ. ಅಪ್ಪನನ್ನು ನೋಡಿದಳು, ಅಪ್ಪನ ಹಣೆಯ ನಾಮ ನೋಡಿದಳು, ಆಮೇಲೆ ನೆಲ ನೋಡಿದಳು.

"ನಾವ ತಿಂದೀವ್ರಿ," ಎಂದಳು.

"ನಾನು ತಿಂದೆ," ಎಂದೆ. ಧೈರ್ಯದಿಂದ ಅಲ್ಲ. ಆ ಬಿಸಿಲಲ್ಲಿ ಅವಳು ಇನ್ನೊಂದು ಸಲ ನನಗಾಗಿ ಸುಳ್ಳು ಹೇಳುವುದನ್ನು ಕೇಳಿಸಿಕೊಳ್ಳಲಾಗದೆ ಹೇಳಿದೆ. "ಮೂರು ರೊಟ್ಟಿ. ಫಾರಂನಲ್ಲಿ ಬರೆಯಲಿಲ್ಲ."

ಅಪ್ಪ ಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತದ," ಎಂದರು.

ನನಗೆ ಅರ್ಥವಾಗಲಿಲ್ಲ.

"ಅವತ್ತೇ ನಿಮ್ಮಮ್ಮ ಹೇಳಿದ್ಲು. ಬಾಯಾಗ ಬಳ್ಳೊಳ್ಳಿ ವಾಸನಿ ಹೊಡೀಲಿಕ್ಹತ್ತದ ಅಂತ."

ಬೆಳ್ಳುಳ್ಳಿ ಹೊಸಿಲು ದಾಟದ ಮನೆ ನಮ್ಮದು. ನಾನು ಬಸ್ಸಿನಿಂದ ಇಳಿದು ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಏನೂ ಆಗಿಲ್ಲವೆಂಬಂತೆ ಸಂಧ್ಯಾವಂದನೆಗೆ ಕೂತಿದ್ದೆ. ಒಳಗಿನಿಂದ ಅಮ್ಮನ ದನಿ ಬಂತು: "ಹೊಟ್ಟಿ ಹಸದಿತ್ತೇನೋ ಅಂತ ಸುಮ್ಮನಿದ್ವಿ. ಅದಕೇನ ಡಂಗುರ ಹೊಡೀಬೇಕಿತ್ತೇನು?"

"ನಾಳೆ ಜನಿವಾರ ಬದಲಿಸ್ಕೊ," ಎಂದರು ಅಪ್ಪ ನನಗೆ. ಅಮ್ಮನಿಗೂ ಅಪ್ಪನಿಗೂ ಅಷ್ಟರಲ್ಲಿ ವಿಷಯ ಮುಗಿದಿತ್ತು. "ಮೊದಲ ಆ ತಾಯಿ ಕೆಲಸ ನೋಡ್ರಿ," ಎಂದರು ಸೂಪರ್‌ವೈಸರ್ ಕಡೆ ತಿರುಗಿ.

ಇಷ್ಟು ಹಗುರವಾದ ಗುಟ್ಟಿಗಾಗಿ ನಾನು ಹತ್ತು ಕುರಿ, ಒಂದು ಟಗರು ಕೊಟ್ಟಿದ್ದೆ. ಅವೂ ನನ್ನವಲ್ಲ.

ಆದರೆ ಸೂಪರ್‌ವೈಸರ್ ತಲೆಯ ಮೇಲೆ ಕೈಯಿಟ್ಟುಕೊಂಡಿದ್ದರು. "ಎಂತ ಪನಿ ಚೇಶಾವಯ್ಯಾ," ಎಂದರು, ಎಂಥ ಕೆಲಸ ಮಾಡಿಬಿಟ್ಟೆ ಎಂದು. ನಾನು ಉಂಡದ್ದಕ್ಕಲ್ಲ ಅವರ ಸಂಕಟ. ತೂಗುವವನೇ ಉಂಡ ಮನೆಯ ಫಾರಂ ಅನೂರ್ಜಿತವೆಂದು ಪ್ರೊಫೆಸರರ ಕೈಪಿಡಿ ಹೇಳುತ್ತದೆ; ಅದು ನನಗೆ ಆವರೆಗೆ ಗೊತ್ತಿರಲಿಲ್ಲ. ಅಂಥ ಮನೆಯನ್ನು ಕೈಬಿಟ್ಟು ಬದಲಿಗೆ ಬೇರೆ ಮನೆ ಹಿಡಿಯಬೇಕು. ತೂಗಿದ್ದೆಲ್ಲದರ ಮೇಲೆ ಸಂಶಯ ಬರುತ್ತದೆಂದು ಕಾರಣವನ್ನೂ ಕೊಟ್ಟಿದ್ದರು. ನನ್ನ ಮೂರು ರೊಟ್ಟಿ ಕಳೆದು ಮತ್ತೆ ಕೂಡಿಸಿ ಸಾರ್, ಎರಡು ನಿಮಿಷದ ಕೆಲಸ ಎಂದೆ. ಅವರು ಕೈಪಿಡಿಯ ಪುಟ ತೆಗೆದು ತೋರಿಸಿದರು. ಆಮೇಲೆ ಫಾರಂನ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಸಹಿ ಮಾಡಿದರು. ನೊಂದುಕೊಂಡೇ ಮಾಡಿದರು. ಅವರು ನೊಂದುಕೊಂಡದ್ದರಿಂದ ಯಾರಿಗೂ ಏನೂ ಸಿಗಲಿಲ್ಲ.

"ಈಗ ನನ್ನ ಹೆಸರ?" ಎಂದಳು ಅವಳು.

ನಾನೇ ಹೇಳಬೇಕಾಯಿತು. ನಿನ್ನ ಮನೆ ಈಗ ಬಡವರ ಪಟ್ಟಿಯಲ್ಲೂ ಇಲ್ಲ, ಬಡವರಲ್ಲದವರ ಪಟ್ಟಿಯಲ್ಲೂ ಇಲ್ಲ. ನಿನ್ನ ಮನೆಯನ್ನು ತೂಗೇ ಇಲ್ಲ ಎಂದು ಲೆಕ್ಕ.

"ಸುಳ್ಳ ಹೇಳಿದಾಗ ಲೆಕ್ಕದಾಗರ ಇದ್ದೆ," ಎಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಅಮ್ಮ ನೀರಿನ ತಂಬಿಗೆ ಹಿಡಿದು ಹೊರಗೆ ಬರುವಷ್ಟರಲ್ಲಿ ಅವಳು ಓಣಿಯ ತಿರುವಿನಲ್ಲಿದ್ದಳು.

ಕೆಲಸ ಬಿಟ್ಟೆ ಎಂದು ಓದುಗರು ಕಾಯುತ್ತಿದ್ದರೆ ಕ್ಷಮಿಸಬೇಕು. ಬಿಡಲಿಲ್ಲ. ಒಂದು ಪದ್ಯ ಬರೆದೆ. ಪದ್ಯದಲ್ಲಿ ಅವಳು ಭೂಮಿತಾಯಿಯಾಗಿ ನನಗೆ ಚಂದ್ರನಷ್ಟು ಗುಂಡಗಿನ ರೊಟ್ಟಿ ಕೊಟ್ಟಳು. ಕುರಿಯ ವಿಷಯ ಪದ್ಯದಲ್ಲಿ ಬರಲಿಲ್ಲ, ಲಯ ಕೆಡುತ್ತಿತ್ತು. ಗೆಳೆಯರು ನನ್ನ ಅತ್ಯುತ್ತಮ ಪದ್ಯ ಅದೆಂದರು. ಬಡತನದ ಮೇಲೆ ಬದುಕುವುದರಲ್ಲಿ ಪ್ರೊಫೆಸರರಿಗೂ ನನಗೂ ಇದ್ದ ವ್ಯತ್ಯಾಸ ಸಂಬಳದ್ದು ಮಾತ್ರ.

ವರ್ಷ ಕಳೆದು ಮತ್ತೆ ತೂಗುವ ಕಾಲ ಬಂತು. ಈ ಸಲ ಗಿರಣಿಯವನ ಮನೆ ನನ್ನ ಪಾಲಿಗೆ. ಅಂದು ಯಾರ ಗೃಹಪ್ರವೇಶವೂ ಇರಲಿಲ್ಲ. ಏಳು ಜನರೂ ಮನೆಯಲ್ಲಿದ್ದರು. ಒಂದು ಒಲೆಯ ಮೇಲೆ ಬೇಳೆ, ಇನ್ನೊಂದರ ಮೇಲೆ ಅನ್ನ, ಬುಟ್ಟಿ ತುಂಬ ರೊಟ್ಟಿ. ಒಂದು ಲೋಟ ಗಂಜಿಯಿಂದ ಅಲ್ಲಿಗೆ ಒಂದೇ ವರ್ಷದಲ್ಲಿ ಜಿಗಿದ ಆ ಕುಟುಂಬ ಮುಂದೆ ಪ್ರೊಫೆಸರರ ವರದಿಯಲ್ಲಿ ಯೋಜನೆಯ ಯಶಸ್ಸಿಗೆ ಉದಾಹರಣೆಯಾಗಿ ನಿಂತಿತು. ಹೆಸರಿಲ್ಲದೆ, 'ಭೂಮಿಯಿಲ್ಲದ ಒಂದು ಕುಟುಂಬ' ಎಂದು. ಭೂಮಿ ಇರಲಿಲ್ಲ, ನಿಜ. ಗಿರಣಿ ಇತ್ತು.

"ಕುರಿ ಎಲ್ಲಿ?" ಎಂದೆ. ಕಿವಿಯಲ್ಲಿ ಬಿಲ್ಲೆಯಿರುವ ಕುರಿಗಳನ್ನು ಒಂದೊಂದಾಗಿ ನೋಡಿ ಬರೆಯಬೇಕಿತ್ತು.

"ನನಗ ಗಿರಣಿ ಗೊತ್ತು ಸಾರ್, ಕುರಿ ಏನು ಗೊತ್ತು?" ಎಂದ. "ಮೇಯಿಸಾಕ ಆಕಿಗೆ ಕೊಟ್ಟೀನಿ. ಊರಾಗ ಕುರಿ ಕಾಯಾಕ ಬರೋದು ಆಕಿಗೊಬ್ಬಾಕಿಗೆ."

ಯಾರೆಂದು ಕೇಳಬೇಕಾಗಿರಲಿಲ್ಲ. ಊರ ಹೊರಗೆ ಜೋಳ ಕೊಯ್ದ ಎರೆಹೊಲದಲ್ಲಿ ಕುರಿ ಮೇಯುತ್ತಿದ್ದವು. ಅವಳು ಕೈಯಲ್ಲಿ ಕೋಲು ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ಅವಳು ಕೋಪ ಮಾಡಿಕೊಳ್ಳಲಿಲ್ಲ, ನಗಲೂ ಇಲ್ಲ.

"ಈ ಸಲ ಏನ ತೂಗಾಕ ಬಂದ್ರಿ?"

"ತೂಗೂದಿಲ್ಲ. ಬಿಲ್ಲೆ ನೋಡಬೇಕು."

ಅವಳು ಒಂದೊಂದೇ ಕುರಿಯ ಹಿಂಗಾಲು ಹಿಡಿದು ಎಳೆದು, ಮೊಣಕಾಲ ನಡುವೆ ಇಟ್ಟುಕೊಂಡು ಕಿವಿ ತಿರುಗಿಸಿ ತೋರಿಸಿದಳು. ನಾನು ನಂಬರು ಬರೆದುಕೊಂಡೆ. ಹತ್ತು ಕುರಿಯೂ ಇದ್ದವು, ಟಗರೂ ಇತ್ತು. ಒಂದಕ್ಕೂ ಕಜ್ಜಿ ಇಲ್ಲ, ಒಂದರ ಗೊರಸೂ ಕೊಳೆತಿಲ್ಲ. ಬೇರೆ ಊರುಗಳಲ್ಲಿ ಅರ್ಧಕ್ಕರ್ಧ ಸತ್ತಿದ್ದವು. ಮುಂದಿನ ಪ್ರಶ್ನೆ, ಹುಟ್ಟಿದ ಮರಿಗಳೆಷ್ಟು. ಕಣ್ಣ ಮುಂದೆ ಒಂಬತ್ತು ಓಡಾಡುತ್ತಿದ್ದವು.

"ಏಳು ಬರೀರಿ," ಎಂದಳು.

"ಒಂಬತ್ತು ಅವ."

"ಎರಡು ನನ್ನವು. ಕಾಯೋರಿಗೆ ಮರ್ಯಾಗ ಪಾಲು ಕೊಡೋದು ಮೊದಲಿಂದ ಐತಿ. ಗಿರಣ್ಯಾವ ಈಗ ಬ್ಯಾರೆ ಮಾತ ಆಡತಾನ. ಸರ್ಕಾರದ ಪುಸ್ತಕದಾಗ ಹತ್ತಿದ ಮರಿ ಸರ್ಕಾರದ್ದು, ಅದರಾಗ ಪಾಲ ಇಲ್ಲ ಅಂತಾನ. ನೀವು ಒಂಬತ್ತು ಬರದ್ರ ನನ್ನ ಎರಡೂ ಹೋದವು."

ಮಾಲೀಕನ ಹೆಸರು ಬರೆಯುವ ಜಾಗ ಇತ್ತು. ಕಾಯುವವರ ಹೆಸರಿಗೆ ಜಾಗ ಇರಲಿಲ್ಲ. ಮುಂದೆ ವರದಿ ಬಂದಾಗ ನೋಡಿದೆ: ಆ ಊರಿನಲ್ಲಿ ಕುರಿಗಳು ಇಷ್ಟು ಚೆನ್ನಾಗಿದ್ದೂ ಮರಿಗಳು ಯಾಕೆ ಕಡಿಮೆ ಹುಟ್ಟಿದವು ಎಂಬುದಕ್ಕೆ ಪ್ರೊಫೆಸರರು ಒಂದು ಪುಟ ಮೀಸಲಿಟ್ಟಿದ್ದರು. ಮೇವಿನಲ್ಲಿ ಖನಿಜಾಂಶದ ಕೊರತೆ ಇರಬಹುದೆಂದೂ, ಪ್ರತ್ಯೇಕ ಅಧ್ಯಯನ ಆಗಬೇಕೆಂದೂ ಇತ್ತು. ನಾನು ತುಂಬಿದ ಫಾರಂಗಳಲ್ಲಿ ಗೊತ್ತಿದ್ದೂ ಬರೆದ ತಪ್ಪು ಅಂಕಿಗಳು ಎಷ್ಟೋ. ಹೇಳಿಕೊಳ್ಳಬಹುದಾದದ್ದು ಆ ಏಳು ಒಂದೇ.

ಆದರೆ ಅವತ್ತು ಹೊಲದಲ್ಲಿ ಅದನ್ನು ಬರೆದಾಗ ನನಗೆ ಏನೋ ಮರಳಿ ಕೊಟ್ಟಂತೆ ಅನ್ನಿಸಿ, ಪುಸ್ತಕ ಮುಚ್ಚಿ, ಅವಳೇನಾದರೂ ಹೇಳಲಿ ಎಂದು ಕಾದೆ.

"ಬರದ್ರೇನು?"

"ಬರದೆ. ಏಳು."

"ತೋರಸ್ರಿ."

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು, ಬಸ್ಸಿನ ನಂಬರು ನೋಡಿ ಹತ್ತುವಷ್ಟು. ನಾನು ಪುಟ ತೆರೆದು ಹಿಡಿದೆ. ಅವಳು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಗ್ಗಿ, ಬೆರಳಿಟ್ಟು ನೋಡಿದಳು.

"ಇದು ಪೆನ್ಸಿಲ್ಲಿಂದ ಬರದೀರಿ," ಎಂದಳು. "ಪೆನ್ನಿಲೆ ಬರೀರಿ."